ಥಾನೋಸ್‌ಗೆ ಕನ್ನಡ ಯಾಕ ಬರಂಗಿಲ್ಲ?

ನಮ್ಮೂರ ಹುಡುಗರು ಥಾನೋಸ್ ಮಾಡಿದ್ದು ಸರಿಯೋ ತಪ್ಪೋ ಅಂತ ಜಗಳ ಆಡೋದು ಕನ್ನಡದಲ್ಲಿ. ಆದ್ರೆ ಥಾನೋಸ್ ತನ್ನ ವಾದವನ್ನ ಅವರಿಗೆ ಹೇಳಿದ್ದು ಹಿಂದಿಯಲ್ಲಿ. ಭಾಳ ದಿನದಿಂದ ಇದು ತಲೆಯೊಳಗೆ ಕೊರೀತಾ ಇತ್ತು. ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು, ಚಾ ಇಟ್ಕೊಂಡು ಓದಿ.

ಊರು ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಅಗರಖೇಡ, ಇಂಡಿ ತಾಲೂಕು, ವಿಜಯಪುರ ಜಿಲ್ಲೆ. ಭೀಮಾ ನದಿ ದಂಡೆ ಮೇಲಿನ ಊರು. ಮಹಾರಾಷ್ಟ್ರದ ಗಡಿ ದೂರ ಇಲ್ಲ. ಸಂತೆ, ಆಸ್ಪತ್ರೆ, ಬೀಗತನ ಎಲ್ಲದಕ್ಕೂ ಸೊಲ್ಲಾಪುರದ ಸಂಬಂಧ ಇದ್ದೇ ಇದೆ. ಹಿಂಗಾಗಿ ನಮಗೆ ಹಿಂದಿ, ಮರಾಠಿ ಕಿವಿಗೆ ಹೊಸದಲ್ಲ. ಬೆಂಗಳೂರಿನ ಗೆಳೆಯರು "ನಿಮಗೇನ್ ಬಿಡ್ರಿ, ಹಿಂದಿ ಬರುತ್ತಲ್ಲ" ಅಂತಾರೆ. ಬರುತ್ತೆ. ಕಾಯಿಪಲ್ಯೆ ಕೊಳ್ಳುವಷ್ಟು, ಲಾರಿ ಡ್ರೈವರ್ ಜೊತೆ ಮಾತಾಡುವಷ್ಟು ಬರುತ್ತೆ. ಕಾಲಪ್ರಯಾಣದ ನಿಯಮ ಅರ್ಥ ಮಾಡಿಕೊಳ್ಳುವಷ್ಟು ಬರುತ್ತಾ? ಅದೇ ಪ್ರಶ್ನೆ.

ನಾವು ನಾಲ್ಕು ಜನ ಗೆಳೆಯರು. ಒಬ್ಬನದು ಇಂಡಿಯಲ್ಲಿ ಮೆಡಿಕಲ್ ಅಂಗಡಿ. ಒಬ್ಬ ಹೈಸ್ಕೂಲ್ ಮಾಸ್ತರ. ಒಬ್ಬ ಕಬ್ಬು, ನಿಂಬೆ ಬೆಳೆಯೋ ರೈತ. ನಾಲ್ಕನೆಯವನು ನಾನು. ನಾವೆಲ್ಲ ನಲವತ್ತರ ಆಸುಪಾಸಿನವರು, ಮಕ್ಕಳೊಂದಿಗರು. ಆದ್ರೂ ಕೂತ್ವಿ ಅಂದ್ರೆ ಮಾತು ಅದೇ. ಹೊಸ ಸ್ಪೈಡರ್‌ಮ್ಯಾನ್ ಹೆಂಗದ, ಸ್ಟ್ರೇಂಜರ್ ಥಿಂಗ್ಸ್ ಕೊನೆಗೆ ಏನಾತು (2016ರಲ್ಲಿ ಶುರುವಾಗಿದ್ದು 2025ರ ಕೊನೆಗೆ ಮುಗೀತು, ಅಷ್ಟರಲ್ಲಿ ನಮ್ಮ ಮಕ್ಕಳೇ ಆ ಹುಡುಗರಷ್ಟು ದೊಡ್ಡವರಾದ್ರು). ಹೆಂಗಸರು ನಗ್ತಾರೆ. ನಗಲಿ.

ಅವೆಂಜರ್ಸ್ ಎಂಡ್‌ಗೇಮ್ ಬಂದಿದ್ದು 2019ರ ಏಪ್ರಿಲ್‌ನಲ್ಲಿ. ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಕನ್ನಡದಲ್ಲಿ ಇಲ್ಲ. 181 ನಿಮಿಷದ ಸಿನಿಮಾ. "ಸೂಪರ್‌ಹೀರೋ ಸಿನಿಮಾಕ್ಕ ಭಾಷೆ ಯಾಕ ಬೇಕು, ಬರೇ ಹೊಡೆದಾಟ" ಅನ್ನೋರು ಇದನ್ನ ಪೂರಾ ನೋಡಿಲ್ಲ ಅಂತ ನನ್ನ ಗುಮಾನಿ. ಅದರಲ್ಲಿ ಅರ್ಧಕ್ಕರ್ಧ ಮಾತೇ ಇದೆ. ಹಿಂದಕ್ಕೆ ಹೋಗಿ ಥಾನೋಸ್‌ನನ್ನ ಕೂಸಿದ್ದಾಗಲೇ ಯಾಕೆ ಮುಗಿಸಬಾರದು ಅಂತ ಒಬ್ಬ ಕೇಳ್ತಾನೆ. ಹಂಗೆ ಮಾಡಿದ್ರೆ ನಮ್ಮ ವರ್ತಮಾನ ಬದಲಾಗಲ್ಲ ಅಂತ ಬ್ಯಾನರ್ ಹೇಳ್ತಾನೆ. ಒಂದು ರತ್ನ ತೆಗೆದರೆ ಕಾಲ ಹೆಂಗೆ ಕವಲೊಡೆಯುತ್ತೆ ಅಂತ ಏನ್ಶಂಟ್ ಒನ್ ಗಾಳಿಯಲ್ಲಿ ಗೆರೆ ಎಳೆದು ತೋರಿಸ್ತಾಳೆ. ಈ ಮಾತು ತಿಳೀಲಿಲ್ಲ ಅಂದ್ರೆ ಮುಂದಿನ ಹೊಡೆದಾಟಕ್ಕೆ ಅರ್ಥವೇ ಇಲ್ಲ.

ನಮ್ಮ ರೈತ ಗೆಳೆಯ ಆ ಭಾಗವನ್ನ ಮೊಬೈಲ್‌ನಲ್ಲಿ ಹಿಂದಿಯಲ್ಲಿ ಮೂರು ಸಲ ನೋಡಿದನಂತೆ. ಮೂರನೇ ಸಲಕ್ಕೆ ತಿಳೀತು. ಆಮೇಲೆ ನಮ್ಮ ಮೆಡಿಕಲ್ ಅಂಗಡಿಯವನಿಗೆ ತಿಳಿಸಿ ಹೇಳಿದ್ದು ಹಿಂಗೆ:

"ಲೇ ದೋಸ್ತ, ಕೆನಾಲ್ ನೋಡಿಯಿಲ್ಲ? ಮ್ಯಾಲ ಹೋಗಿ ದಂಡಿ ಒಡದು ನೀರು ಬ್ಯಾರೆ ಕಡೆ ತಿರಿವಿದ್ರ, ಅದು ಬ್ಯಾರೆ ಹೊಲಕ್ಕ ಹೋಗತದ. ಅಲ್ಲಿ ಬ್ಯಾರೆ ಬೆಳಿ ಬರತದ. ಆದ್ರ ನಿನ್ನ ಹೊಲದಾಗ ಆಗಲೇ ಹರದು ಹೋದ ನೀರು ಹೊಳ್ಳಿ ಬರಂಗಿಲ್ಲ. ನಿನ್ನ ಬೆಳಿ ಒಣಗಿದ್ದು ಒಣಗಿದ್ದ. ಹಿಂದಕ ಹೋಗೋದಂದ್ರ ಹಂಗ."

ಇಂಡಿ ಶಾಖಾ ಕಾಲುವೆಯ ನೀರಿಗಾಗಿ ಕಾದು ಕೂತ ತಾಲೂಕಿನವನು ಇದಕ್ಕಿಂತ ಚೆಂದ ಹೇಳೋಕೆ ಸಾಧ್ಯಾನಾ? ಆ ಇಡೀ ದೃಶ್ಯದ ಸಾರ ನಾಲ್ಕು ಮಾತಿನಲ್ಲಿ ಬಂತು, ಒಂದೂ ಪಾರಿಭಾಷಿಕ ಪದ ಇಲ್ಲದೆ. ಕನ್ನಡಕ್ಕೆ ಇಂಥದ್ದನ್ನ ಹೇಳೋ ತಾಕತ್ತಿಲ್ಲ, ಪದ ಇಲ್ಲ ಅನ್ನೋರಿಗೆ ಇವನನ್ನ ತೋರಿಸಬೇಕು. ಬರೀ ಪದಕೋಶ ಹಿಡ್ಕೊಂಡು ಕೂತ್ರೆ ಇದು ಹುಟ್ಟೋದಿಲ್ಲ, ಬಳಸಿದರೆ ಹುಟ್ಟುತ್ತೆ. ಬಳಸೋಕೆ ನಾವು ಅವಕಾಶ ಕೊಟ್ಟಿದ್ದೆಷ್ಟು?

ಇನ್ನೊಂದು ನೆನಪು. ಇಂಟರ್‌ಸ್ಟೆಲ್ಲರ್ (2014) ಸಿನಿಮಾದಲ್ಲಿ ಒಂದು ಗ್ರಹ ಬರುತ್ತೆ, ಅಲ್ಲಿ ಒಂದು ತಾಸು ಕಳೆದರೆ ಭೂಮಿ ಮೇಲೆ 7 ವರ್ಷ. ಇದನ್ನ ನಮ್ಮ ಗೆಳೆಯನ ಅಪ್ಪನಿಗೆ ಹೇಳಿದ್ವಿ. ಹಿರಿಯರು, ಶ್ರಾವಣದಲ್ಲಿ ಪುರಾಣ ಕೇಳಿ ಬೆಳೆದವರು. ತಕ್ಷಣ ಅಂದ್ರು, "ರೇವತಿ ಕತಿ ಐತಲ್ಲಪಾ ಅದು." ರೈವತ ರಾಜ ಮಗಳಿಗೆ ವರ ಕೇಳೋಕೆ ಬ್ರಹ್ಮಲೋಕಕ್ಕೆ ಹೋಗಿ, ಸ್ವಲ್ಪ ಹೊತ್ತು ಕೂತು ವಾಪಸ್ ಬಂದ್ರೆ ಇಲ್ಲಿ ಯುಗಗಳೇ ಕಳೆದಿದ್ವು, ಕೊನೆಗೆ ಬಲರಾಮನಿಗೆ ಕೊಟ್ಟ. ಎಲ್ಲಾ ನಮ್ಮ ಪುರಾಣದಾಗ ಮೊದಲೇ ಇತ್ತು ಅನ್ನೋ ಗುಂಪಿಗೆ ನಾನು ಸೇರಿದವನಲ್ಲ. ಪುರಾಣದಲ್ಲಿ ಸಾಪೇಕ್ಷತಾ ಸಿದ್ಧಾಂತ ಇರಲಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅಕ್ಷರ ಅಷ್ಟಕ್ಕಷ್ಟೇ ಬಲ್ಲ ಎಪ್ಪತ್ತು ದಾಟಿದ ಮನುಷ್ಯನಿಗೆ ಈ ಕಲ್ಪನೆ ಒಂದು ಕ್ಷಣಕ್ಕೂ ಕಷ್ಟ ಅನ್ನಿಸಲಿಲ್ಲ, ಯಾಕಂದ್ರೆ ಅವರಿಗೆ ಅದನ್ನ ಕನ್ನಡದಲ್ಲಿ ಹೇಳಲಾಗಿತ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ (ಕೆನಾಲ್ ಒಡೆಯದೆ!).

1997ರಲ್ಲಿ ದೂರದರ್ಶನದಲ್ಲಿ ಶಕ್ತಿಮಾನ್ ಶುರುವಾಯ್ತು. ಮುಕೇಶ್ ಖನ್ನಾ. ನಮ್ಮ ಓಣಿಯಲ್ಲಿ ಇದ್ದಿದ್ದೇ ಎರಡು ಟೀವಿ. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸೋದು, ಇನ್ನೊಬ್ಬ ಕೆಳಗಿಂದ "ಬಂತೋ, ಬಂತೋ, ಹೋತೋ" ಅಂತ ಕೂಗೋದು. ಕತ್ತಲೆಯ ಒಡೆಯ ಕಿಲ್ವಿಷ್ ಬರೋ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗಿಬಿಡ್ತಿತ್ತು, ಅದು ಕಿಲ್ವಿಷ್‌ನದೇ ಕೆಲಸ ಅಂತ ನಾವು ನಂಬಿದ್ವಿ. :-) ಮರುದಿನ ಶಾಲೆಯಲ್ಲಿ ಗಿರಗಿರ ತಿರುಗೋದು. ಆದ್ರೆ ಶಕ್ತಿಮಾನ್ ಆಟ ಆಡುವಾಗ ನಮ್ಮ ನಾಲಿಗೆ ಹಿಂದಿಗೆ ತಿರುಗ್ತಿತ್ತು, ಅದೂ ಹರಕು ಮುರುಕು ಹಿಂದಿ. ಗಂಗಾಧರ ಕೂಡ ಹಿಂದಿಯವನೇ. ಪರಾಕ್ರಮ ಅಂದ್ರೆ ಹಿಂದಿ, ಊಟ ಮಾಡು ಬಾ ಅಂತ ಅವ್ವ ಕರೆಯೋದು ಕನ್ನಡ. ಈ ಪಾಲುಪಟ್ಟಿ ಅಷ್ಟು ಸಣ್ಣ ವಯಸ್ಸಿಗೇ ತಲೆಯಲ್ಲಿ ಕೂತುಬಿಡ್ತು ನೋಡಿ, ನನಗೆ ನೋವಾಗೋದು ಅದಕ್ಕೆ.

ಕಾಗದದ ಮೇಲೆ ಹಿಂಗಿರಲಿಲ್ಲ! ಸುಧಾ ವಾರಪತ್ರಿಕೆಯಲ್ಲಿ ಫ್ಯಾಂಟಮ್ ಚೊಕ್ಕ ಕನ್ನಡ ಮಾತಾಡ್ತಿದ್ದ. ಬಾಲಮಂಗಳದ ಡಿಂಗ, ಆ ಹಾರೋ ಇಲಿ, ಮೂಲತಃ ಮಲಯಾಳದವನು ಅಂತ ನಮಗೆ ಗೊತ್ತಾಗಿದ್ದು ದೊಡ್ಡವರಾದ ಮೇಲೆ. ತೇಜಸ್ವಿಯವರ 'ಫ್ಲೈಯಿಂಗ್ ಸಾಸರ್ಸ್' ಓದಿ ರಾತ್ರಿ ಮಾಳಿಗೆ ಮೇಲೆ ಮಲಗಿ ಆಕಾಶ ನೋಡದವರು ಯಾರು? ರಾಜಶೇಖರ ಭೂಸನೂರಮಠರು ವೈಜ್ಞಾನಿಕ ಕಾದಂಬರಿ ಬರೆದರು. 'ಮನು' ಅನ್ನೋ ಹೆಸರಲ್ಲಿ ಪಿ.ಎನ್. ರಂಗನ್ 'ಮಹಾಸಂಪರ್ಕ' ಬರೆದು ಮಹಾಭಾರತಕ್ಕೂ ಬೇರೆ ಲೋಕದ ಜೀವಿಗಳಿಗೂ ಗಂಟು ಹಾಕಿದ್ರು. ಓದೋ ಕನ್ನಡದಲ್ಲಿ ಅಂತರಿಕ್ಷ ಇತ್ತು, ಕೇಳೋ ಕನ್ನಡದಲ್ಲಿ ಇರಲಿಲ್ಲ. ಹೊರಗಿನ ಪುಸ್ತಕ ಕನ್ನಡಕ್ಕೆ ತಂದರೆ ಅನುವಾದ, ಅದಕ್ಕೆ ಅಕಾಡೆಮಿ ಪ್ರಶಸ್ತಿ. ಹೊರಗಿನ ಸಿನಿಮಾ ಕನ್ನಡಕ್ಕೆ ತಂದರೆ ಡಬ್ಬಿಂಗ್, ಅದಕ್ಕೆ ಧಿಕ್ಕಾರ.

ಡಬ್ಬಿಂಗ್ ವಿರೋಧ ಯಾಕೆ ಹುಟ್ತು ಅಂತ ನನಗೂ ಗೊತ್ತು. 1960ರ ದಶಕದಲ್ಲಿ ಅನಕೃ ಅಂಥವರು ಮುಂದೆ ನಿಂತು ಮಾಡಿದ ಚಳವಳಿ ಅದು. ಆಗ ಕನ್ನಡ ಸಿನಿಮಾ ತಯಾರಾಗ್ತಿದ್ದದ್ದು ಮದ್ರಾಸಿನಲ್ಲಿ, ವರ್ಷಕ್ಕೆ ಕೆಲವೇ ಕೆಲವು. ತಮಿಳು, ತೆಲುಗಿನಿಂದ ಅಗ್ಗಕ್ಕೆ ಬಂದು ಬೀಳೋ ಚಿತ್ರಗಳ ಮುಂದೆ ಎಳೇ ಸಸಿ ಉಳೀತಿರಲಿಲ್ಲ. ಬೇಲಿ ಹಾಕಿದ್ರು, ಸರಿಯಾಗೇ ಮಾಡಿದ್ರು. ಆದ್ರೆ ಸಸಿ ಮರ ಆಗಿ, ಹಣ್ಣು ಬಿಟ್ಟು, ಹಣ್ಣು ಮಾರಿ, ತೋಟದ ಮಾಲೀಕರು ಬಂಗಲೆ ಕಟ್ಟಿದ ಮೇಲೂ ಬೇಲಿ ತೆಗೀಲಿಲ್ಲ. ಕಾನೂನು ಏನೂ ಇರಲಿಲ್ಲ ಅದಕ್ಕೆ, ಬರೀ ಕಟ್ಟುಪಾಡು. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು, 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ "ಡಬ್ಬಿಂಗ್ ತಡೆಯೋದು ತಪ್ಪು" ಅಂತ ಆದೇಶ ಕೊಟ್ಟು, ವಾಣಿಜ್ಯ ಮಂಡಳಿಗೂ ಜೊತೆಯವರಿಗೂ ದಂಡ ಹಾಕಿದ ಮೇಲೆ ಗಂಟು ಸಡಿಲಾಯ್ತು. 2017ರಲ್ಲಿ 'ಸತ್ಯದೇವ್ ಐಪಿಎಸ್' ಬಂತು, ತಮಿಳಿನ 'ಎನ್ನೈ ಅರಿಂದಾಲ್' ಚಿತ್ರದ ಕನ್ನಡ ರೂಪ. ಗಲಾಟೆಯೂ ಆಯ್ತು. 2020ರ ಲಾಕ್‌ಡೌನ್‌ನಲ್ಲಿ ಮಹಾಭಾರತ ಸೀರಿಯಲ್ ಕನ್ನಡದಲ್ಲಿ ಬಂದಾಗ ನಮ್ಮೂರಲ್ಲಿ ಒಂದು ಮನೆಯೂ ಬಿಡದೆ ನೋಡಿದ್ರು. ಆಕಾಶ ಕಳಚಿ ಬೀಳಲಿಲ್ಲ.

ಈ ನಡುವೆ ಏನಾಯ್ತು? ಕೆಜಿಎಫ್ 2018ರಲ್ಲಿ, ಅದರ ಎರಡನೇ ಭಾಗ ಮತ್ತು ಕಾಂತಾರ 2022ರಲ್ಲಿ, ಹಿಂದಿ ಮಾತಾಡಿ ಊರೂರು ಗೆದ್ದು ಬಂದವು. ಡಬ್ ಮಾಡಿದ್ದಕ್ಕೇ ಗೆದ್ದವು. ಅಂದ್ರೆ ನಮ್ಮ ಎಮ್ಮೆ ಪಕ್ಕದವರ ಹೊಲದಲ್ಲಿ ಮೇಯಬಹುದು, ಅವರ ಕರು ನಮ್ಮ ಬದುವಿನ ಮೇಲೂ ನಿಲ್ಲಬಾರದು. ಇದ್ಯಾವ ನ್ಯಾಯ ಸ್ವಾಮಿ?

"ಡಬ್ಬಿಂಗ್ ಬಿಟ್ರೆ ನಮ್ಮವರು ಅಂಥಾ ಸಿನಿಮಾ ಮಾಡೋದನ್ನೇ ಬಿಡ್ತಾರೆ" ಅನ್ನೋ ವಾದವನ್ನ ನಮ್ಮ ಮಾಸ್ತರ ಈಗಲೂ ಮಾಡ್ತಾನೆ. ಡಬ್ಬಿಂಗ್ ಇಲ್ಲದ ಐವತ್ತು ವರ್ಷದಲ್ಲಿ ಎಷ್ಟು ಮಾಡಿದ್ರು ಅಂತ ನಾನು ಕೇಳಿದೆ. ಎಣಿಸೋಕೆ ಕೂತ್ವಿ. 2002ರ 'ಹಾಲಿವುಡ್', ಉಪೇಂದ್ರ ರೋಬೋ ಆಗಿದ್ದು. 2010ರ 'ಸೂಪರ್', 2030ರ ಕತೆ. ಅಲ್ಲೂ ಉಪೇಂದ್ರ. ಬೆರಳು ಅಲ್ಲಿಗೇ ನಿಂತ್ವು. ಕನಸಿನ ಗುಳಿಗೆಯ 'ಲೂಸಿಯಾ' (2013) ಸೇರಿಸಬೇಕೋ ಬೇಡವೋ ಅಂತ ಅರ್ಧ ತಾಸು ಜಗಳ. ಆದೇಶ ಬಂದ ಮೇಲೆ ನೋಡಿ: 2023ರಲ್ಲಿ 'ಮಂಡಲ', 2024ರಲ್ಲಿ 'ಬ್ಲಿಂಕ್', ಅದೇ ವರ್ಷದ ಕೊನೆಗೆ 'ಯುಐ'. ಡಬ್ಬಿಂಗ್ ಬಂದಿದ್ದಕ್ಕೇ ಇವು ಬಂದ್ವು ಅಂತ ನಾನು ಹೇಳಲ್ಲ. ಡಬ್ಬಿಂಗ್ ಬಂದಿದ್ದಕ್ಕೆ ನಿಂತುಹೋಗಲಿಲ್ಲ, ಅಷ್ಟು ಸಾಕು. ಬ್ಲಿಂಕ್ ಬಗ್ಗೆ ಒಂದು ಮಾತು: ಕಾಲಪ್ರಯಾಣದ ಕತೆಯನ್ನ ತಾಯಿ ಮಗನ ಕತೆಯಾಗಿ ಕಟ್ಟಿದ ರೀತಿ ನನಗೆ ಭಾಳ ಹಿಡಿಸ್ತು. ನೋಡದವರು ನೋಡಿ.

ಮಾಸ್ತರನ ಎರಡನೇ ವಾದ ಮಾತ್ರ ಗಟ್ಟಿ. "ಕನ್ನಡ ಡಬ್ಬಿಂಗ್ ಕೇಳಿಯೇನಲೇ? ಕಿವಿಯಾಗ ಸೀಸ ಕಾಸಿ ಹೊಯ್ದಂಗ ಆಕ್ಕತಿ." ಹೌದು, ಒಪ್ತೀನಿ. ಇವತ್ತು ಕನ್ನಡದಲ್ಲಿ ಸಿಗ್ತಾವೆ. 2022ರ ಡಾಕ್ಟರ್ ಸ್ಟ್ರೇಂಜ್, ಅವತಾರ್ ಎರಡನೇ ಭಾಗ ಕನ್ನಡದಲ್ಲೂ ಬಂದ್ವು. 2023ರಲ್ಲಿ 'ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್' ಭಾರತದಲ್ಲಿ 10 ಭಾಷೆಗಳಲ್ಲಿ ಬಂತು, ಕನ್ನಡವೂ ಒಂದು, ನಮ್ಮ ಸೊಲ್ಲಾಪುರದ ಬೀಗರ ಮರಾಠಿಯೂ ಒಂದು. ಆದ್ರೆ ನಮ್ಮ ಕಡೆ ಥಿಯೇಟರಿನಲ್ಲಿ ಪರದೆ ಸಿಗೋದು ಹಿಂದಿ ಪ್ರತಿಗೇ. ಮನೆಯಲ್ಲಿ ಹಾಕಿಕೊಂಡರೆ? ಮಕ್ಕಳು ಎರಡು ನಿಮಿಷ ಕನ್ನಡ ಕೇಳಿ, ನಕ್ಕು, ಹಿಂದಿಗೆ ಬದಲಾಯಿಸ್ತಾರೆ.

ಯಾಕೆ ನಗ್ತಾರೆ ಅಂತ ಯೋಚನೆ ಮಾಡಿದೆ. ಆ ಕನ್ನಡವನ್ನ ಯಾರೂ ಮಾತಾಡಲ್ಲ. ಬೆಂಗಳೂರಿನವರೂ ಮಾತಾಡಲ್ಲ. ಎಲ್ಲಾ ಪಾತ್ರವೂ ಒಂದೇ ಥರ, ಪಠ್ಯಪುಸ್ತಕ ಗಟ್ಟಿಯಾಗಿ ಓದಿದ ಹಾಗೆ. ಹಿಂದಿ ಡಬ್ಬಿಂಗ್‌ನವರು ಎಷ್ಟೋ ವರ್ಷದಿಂದ ಮಾಡಿ ಮಾಡಿ ಪಳಗಿದ್ದಾರೆ. ಬೀದಿ ಹುಡುಗನಿಗೆ ಒಂದು ಹಿಂದಿ, ಪ್ರೊಫೆಸರಿಗೆ ಇನ್ನೊಂದು. ನಮಗೆ ಅಷ್ಟು ವರ್ಷದ ಅಭ್ಯಾಸವೇ ತಪ್ಪಿಹೋಯ್ತು. ಈಜೋಕೆ ಬಿಡದೆ, ನಿನಗೆ ಈಜು ಬರಲ್ಲ ಅಂದ್ರೆ ಹೆಂಗೆ?

ನಮ್ಮ ಜಿಲ್ಲೆಯಲ್ಲೇ, ಹಲಸಂಗಿಯಲ್ಲಿ, ಒಂದು ಕಾಲಕ್ಕೆ ಇನ್ನೊಂದು ಗೆಳೆಯರ ಗುಂಪು ಕೂಡ್ತಿತ್ತು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. (ನಮ್ಮ ಹರಟೆಯನ್ನ ಅವರ ಪಕ್ಕ ಇಡೋಷ್ಟು ಸೊಕ್ಕು ನನಗಿಲ್ಲ.) ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡೋ ಹಾಡನ್ನ, ಅದೇ ಮಾತಿನಲ್ಲಿ, 'ಗರತಿಯ ಹಾಡು' ಅಂತ 1931ರಲ್ಲಿ ಪುಸ್ತಕ ಮಾಡಿದ್ರು. ಇದು ಗ್ರಾಂಥಿಕ ಅಲ್ಲ ಅಂತ ತಿದ್ದೋಕೆ ಹೋಗಲಿಲ್ಲ. ಇಡೀ ಕನ್ನಡ ನಾಡು ಅದನ್ನ ತಲೆ ಮೇಲೆ ಹೊತ್ತುಕೊಂಡಿತು. ಅದಾಗಿ ತೊಂಬತ್ತು ವರ್ಷದ ಮೇಲೂ ಬೇರೆ ಗ್ರಹದ ರಕೂನ್ ಒಂದಕ್ಕೆ ಇಂಡಿ ಮಾತು ಕೊಡೋಕೆ ನಮಗೆ ಧೈರ್ಯ ಇಲ್ಲ!

ಮಿನ್ನಲ್ ಮುರಳಿ ನೋಡಿದೀರಲ್ಲ? 2021ರ ಡಿಸೆಂಬರ್, ಬೇಸಿಲ್ ಜೋಸೆಫ್ ನಿರ್ದೇಶನ. ಕುರುಕ್ಕನ್‌ಮೂಲ ಅನ್ನೋ ಹಳ್ಳಿಯ ಟೇಲರ್ ಜೈಸನ್‌ಗೆ ಸಿಡಿಲು ಬಡಿದು ಶಕ್ತಿ ಬರುತ್ತೆ. ಅದೇ ರಾತ್ರಿ ಚಾದಂಗಡಿಯಲ್ಲಿ ಕೆಲಸ ಮಾಡೋ ಶಿಬುಗೂ ಬಡಿಯುತ್ತೆ. ಒಬ್ಬ ಹೀರೋ, ಒಬ್ಬ ವಿಲನ್. ಆದ್ರೆ ಶಿಬು ವಿಲನ್ ಅನ್ನಿಸೋದೇ ಇಲ್ಲ. ಊರೆಲ್ಲ ಹುಚ್ಚ ಅಂತ ಹಂಗಿಸಿದ, ಒಬ್ಬಳನ್ನೇ ವರ್ಷಗಟ್ಟಲೆ ಕಾದ ಮನುಷ್ಯ. ಇದಕ್ಕೆ ಕನ್ನಡ ಧ್ವನಿಯೂ ಇದೆ. ನಮ್ಮ ಮೆಡಿಕಲ್ ಅಂಗಡಿಯವನ ತಾಯಿ ಕನ್ನಡದಲ್ಲೇ ನೋಡಿದ್ರು. ಸೂಪರ್‌ಹೀರೋ ಅನ್ನೋ ಪದವೇ ಗೊತ್ತಿಲ್ಲ ಆ ಅವ್ವನಿಗೆ. ಶಿಬು ಸತ್ತಾಗ ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಹುಡುಗಗ ಒಬ್ಬರರ ಛಲೋ ಮಾತ ಆಡಿದ್ರ ಹಿಂಗ ಆಗ್ತಿರಲಿಲ್ಲ ನೋಡು" ಅಂದ್ರಂತೆ. ಹಿಂದಿಯಲ್ಲಿ ಹಾಕಿದ್ರೆ ಅವರು ಎದ್ದು ಅಡುಗೆಮನೆಗೆ ಹೋಗ್ತಿದ್ರು. ಡಬ್ಬಿಂಗ್ ಬೇಕು ಅನ್ನೋಕೆ ನನ್ನ ಹತ್ರ ಇರೋ ಅತಿ ದೊಡ್ಡ ಪುರಾವೆ ಆ ಅವ್ವ. ಎರಡು ಮೂರು ಭಾಷೆ ಬರೋ ನಮ್ಮಂಥವರು ಹೆಂಗೋ ನೋಡ್ಕೋತೀವಿ. ಒಂದೇ ಭಾಷೆ ಬರೋರನ್ನ ನಾವು ಕನ್ನಡದ ಹೆಸರಲ್ಲೇ ಹೊರಗೆ ನಿಲ್ಲಿಸಿದ್ವಿ.

ಅದನ್ನ ನೋಡಿದ ಮೇಲೆ ನಮ್ಮಲ್ಲಿ ಶುರುವಾದ ಹುಚ್ಚು, ನಮ್ಮೂರಿಗೆ ಒಬ್ಬ ಸೂಪರ್‌ಹೀರೋ ಬಂದ್ರೆ? ಸೆಟ್ ಹಾಕೋ ಖರ್ಚೇ ಇಲ್ಲ ನೋಡಿ. ಬಸವನ ಬಾಗೇವಾಡಿ ಕಡೆ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರ ಇದೆ, 800 ಮೆಗಾವ್ಯಾಟಿನ ಮೂರು ಘಟಕ, ಒಟ್ಟು 2400. ರಾತ್ರಿ ದೂರದಿಂದ ನೋಡಿದ್ರೆ ಬೇರೆ ಗ್ರಹದ ಹಡಗು ಎರೆ ಹೊಲದಲ್ಲಿ ಇಳಿದ ಹಾಗೆ ಕಾಣುತ್ತೆ. ಇಲ್ಲಿ ಭೀಮೆ ಬೇಸಿಗೆಯಲ್ಲಿ ಮರಳು, ಮೇಲೆ ಉಜನಿಯಿಂದ ನೀರು ಬಿಟ್ಟರೆ ಸಮುದ್ರ. 2020ರ ಅಕ್ಟೋಬರ್‌ನಲ್ಲಿ, ಮತ್ತೆ 2025ರ ಸೆಪ್ಟೆಂಬರ್‌ನಲ್ಲಿ ಹೊಳೆ ಏರಿ ಬಂದಿದ್ದನ್ನ ಕಂಡವರು ನಾವು. ನಮ್ಮ ರೈತ ಗೆಳೆಯ ಕೇಳಿದ, "ಹಾರಾಕ ಬಂದ್ರ ಏನ್ ಮಾಡ್ತಾನಪಾ? ಮಂದೀನ ಎತ್ತಿ ದಂಡಿಗಿ ಹಾಕ್ತಾನ, ಖರೆ. ನಿಂತ ಕಬ್ಬು ಎತ್ತತಾನೇನು?" ನಮ್ಮ ಹೀರೋನ ಕಷ್ಟ ಎಲ್ಲಿದೆ ಅಂತ ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಯಾರಾದ್ರೂ ಸಿನಿಮಾ ಮಂದಿ ಓದ್ತಿದ್ರೆ ಈ ಎಳೆ ಪುಕ್ಕಟೆ ತಗೋರಿ. ಹೆಸರು ಹಾಕೋದೂ ಬೇಡ.

ಅಲ್ಲಿವರೆಗೂ ಬೇರೆಯವರ ಹೀರೋಗಳಿಗಾದ್ರೂ ಕನ್ನಡ ಕಲಿಸೋಣ ಅಂತ ನಾವು ಪಾತ್ರ ಹಂಚಿಕೆ ಮಾಡಿದ್ದೀವಿ. ಥಾರ್ ಮತ್ತು ಲೋಕಿಗೆ ಸೀದಾ ಕಂಪನಿ ನಾಟಕದ ರಾಜಪಾರ್ಟಿನ ಭಾಷೆ. ಅಸ್ಗಾರ್ಡ್ ಅಂದ್ರೆ ದೊಡ್ಡಾಟವೇ ಬಿಡಿ, ಸಾರಥಿ ಒಬ್ಬ ಬಂದು "ತಾವು ಯಾರು, ಎಲ್ಲಿಂದ ಬಂದಿರಿ" ಅಂತ ಕೇಳೋದೊಂದು ಬಾಕಿ. ಟೋನಿ ಸ್ಟಾರ್ಕ್‌ಗೆ ಬೆಂಗಳೂರಿನ ಕಾರ್ಪೊರೇಟ್ ಕನ್ನಡ, ಅರ್ಧ ಇಂಗ್ಲಿಷ್ ಬೆರೆತದ್ದು. ಕ್ಯಾಪ್ಟನ್ ಅಮೆರಿಕಾಗೆ ಹಳೇ ಮೈಸೂರಿನ ಮರ್ಯಾದೆಯ ಮಾತು, ಎಲ್ಲರಿಗೂ ಬಹುವಚನ. ಥಾನೋಸ್‌ಗೆ ಧಾರವಾಡದ ನಿಧಾನ, ಪ್ರೊಫೆಸರ್ ಥರ. ರಕೂನ್ ರಾಕೆಟ್‌ಗೆ ಇಂಡಿ ಬಸ್‌ಸ್ಟ್ಯಾಂಡಿನ ಮಾತು, ಇದರ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವೇ ಇಲ್ಲ. ಮಂಗಳೂರು, ಕುಂದಾಪುರದ ಗೆಳೆಯರೇ, ಸ್ಪೈಡರ್‌ಮ್ಯಾನ್ ಇನ್ನೂ ಖಾಲಿ ಇದ್ದಾನೆ, ಬೇಕಾದ್ರೆ ಹೇಳಿ.

ಮಾಸ್ತರ ಇನ್ನೂ ಡಬ್ಬಿಂಗ್ ಒಪ್ಪಿಲ್ಲ. ಥಾರ್ ಪಾರ್ಟು ಮಾತ್ರ ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ ಅಂತ ಹೇಳಿ ಹೋಗಿದ್ದಾನೆ.